ಏಳು ನಿಮಿಷದ ಟೋಸ್ಟ್: ಬೆಳಗನ್ನು ಗೆಲ್ಲುವ 13 ಸೂತ್ರಗಳು

ಏಳೂವರೆಗೆ ಆಫೀಸ್ ಕ್ಯಾಬ್ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತದೆ. ಎಂಟಕ್ಕೆ ಕೋಚಿಂಗ್ ಕ್ಲಾಸ್ ಶುರು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿರುವವರನ್ನು ಕೇಳಿ, ಬೆಂಗಳೂರಿನ ಪಿಜಿಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಹಿಡಿಯುವವರನ್ನು ಕೇಳಿ. ಇಬ್ಬರೂ ಹೇಳುವುದು ಒಂದೇ: "ತಿಂಡಿಗೆ ಟೈಮ್ ಎಲ್ಲಿದೆ?"

ಟೈಮ್ ಇದೆ. ಏಳು ನಿಮಿಷ ಸಾಕು. "ನನ್ನ ಕೈಲಾಗಲ್ಲ" ಅನ್ನುವುದು ಬರೀ ರೂಢಿ, ರೂಢಿಯನ್ನು ಬದಲಿಸಬಹುದು.

ಒಂದು ಲೆಕ್ಕ ನೋಡಿ. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿದವರು ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಟರೆ, ಮಧ್ಯಾಹ್ನ ಒಂದರ ಹೊತ್ತಿಗೆ ಹದಿನಾರು ಗಂಟೆ ಹೊಟ್ಟೆ ಖಾಲಿ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನೀವು ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಹನ್ನೊಂದು ಗಂಟೆಗೆ ಕ್ಯಾಂಟೀನಿನ ಪಫ್ಸ್ ಕಡೆಗೆ ಕೈ ಹೋಗುವುದು ಮನಸ್ಸು ದುರ್ಬಲವಾದ್ದರಿಂದಲ್ಲ, ಹಸಿವಿನಿಂದ. ಆ ಹಸಿವನ್ನು ಮನೆಯಲ್ಲೇ ತೀರಿಸಿ ಹೊರಡಿ. ಎರಡು ಸ್ಲೈಸ್ ಬ್ರೆಡ್, ಒಂದು ಹಿಡಿ ಬೀಜ, ಒಂದು ಹಣ್ಣು ಇಟ್ಟುಕೊಂಡು ಹೇಗೆ ಅನ್ನುವುದನ್ನು ಕಲಿಯೋಣ.

1. ತಿಂಡಿಯ ತೀರ್ಮಾನ ರಾತ್ರಿಯೇ ಆಗಲಿ

ಬೆಳಿಗ್ಗೆ ಎದ್ದು "ಇವತ್ತೇನು ಮಾಡಲಿ" ಎಂದು ಯೋಚಿಸಬೇಡಿ. ನಿದ್ದೆಗಣ್ಣಿನಲ್ಲಿ ಮಾಡಿದ ತೀರ್ಮಾನ ಬಹುಪಾಲು "ಬೇಡ ಬಿಡು" ಎಂದೇ ಇರುತ್ತದೆ. ಮಲಗುವ ಮುಂಚೆ ಎರಡು ನಿಮಿಷ ಕೊಡಿ. ತಟ್ಟೆ, ಚಾಕು, ಪೀನಟ್ ಬಟರ್ ಬಾಟಲಿ, ಹಣ್ಣು, ಎಲ್ಲವನ್ನೂ ಒಂದೇ ಕಡೆ ಎದುರಿಗೆ ಕಾಣುವಂತೆ ಇಡಿ. ಬಾದಾಮಿ ಬೇಕಿದ್ದರೆ ನೆನೆಹಾಕಿ. ತವಾ ಒಲೆಯ ಮೇಲೆಯೇ ಇರಲಿ. ಎದ್ದಾಗ ಅರ್ಧ ಕೆಲಸ ಆಗಿಹೋಗಿದ್ದರೆ ಉಳಿದರ್ಧವನ್ನು ಕೈ ತಾನಾಗಿ ಮಾಡುತ್ತದೆ.

2. ನಂಬರ್ ಇಟ್ಟುಕೊಂಡು ತಿನ್ನಿ: 20 ಗ್ರಾಂ ಪ್ರೋಟೀನ್

ಗುರಿ ಇಲ್ಲದ ತಿಂಡಿ ಹೊಟ್ಟೆ ತುಂಬಿಸುತ್ತದೆ, ಅಷ್ಟೆ. ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತವೆ. ನಿಮ್ಮ ತೂಕ 60 ಕಿಲೋ ಇದ್ದರೆ ದಿನಕ್ಕೆ ಸುಮಾರು 50 ಗ್ರಾಂ.

ಈಗ ತಟ್ಟೆಯ ಲೆಕ್ಕ ಹಾಕಿ. ಎರಡು ಸ್ಲೈಸ್ ಬ್ರೆಡ್‌ನಲ್ಲಿ ಸುಮಾರು 5 ಗ್ರಾಂ. ಎರಡು ದೊಡ್ಡ ಚಮಚ ಪೀನಟ್ ಬಟರ್‌ನಲ್ಲಿ 7ರಿಂದ 8. ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರಿನಲ್ಲಿ 6ರಿಂದ 7. ಒಟ್ಟು 20ರ ಹತ್ತಿರ ಬಂತು. ದಿನದ ಅಗತ್ಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಿಗ್ಗೆ ಎಂಟರೊಳಗೆ ಮುಗಿಯಿತು. ಮೊಟ್ಟೆ ತಿನ್ನುವವರು ಹಾಲಿನ ಬದಲು ಒಂದು ಬೇಯಿಸಿದ ಮೊಟ್ಟೆ ಇಟ್ಟುಕೊಳ್ಳಿ, ಲೆಕ್ಕ ಅಷ್ಟೇ ಬರುತ್ತದೆ.

ಇನ್ನೊಂದು ಲಾಭವೂ ಇದೆ. ಬರೀ ಬ್ರೆಡ್ ಬೇಗ ಜೀರ್ಣವಾಗುತ್ತದೆ. ಅದರ ಜೊತೆ ಪ್ರೋಟೀನ್ ಮತ್ತು ಕೊಬ್ಬು ಸೇರಿದರೆ ಆಹಾರ ಹೊಟ್ಟೆಯಿಂದ ಮುಂದಕ್ಕೆ ಸಾಗುವುದು ನಿಧಾನವಾಗುತ್ತದೆ, ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಹತ್ತೂವರೆಯ ಮೀಟಿಂಗ್‌ನಲ್ಲಿ ನಿಮಗೆ ಬೇಕಾಗಿರುವುದು ಇದೇ.

3. ಪ್ಯಾಕೆಟ್ ಹಿಂಬದಿ ಓದದೆ ಬ್ರೆಡ್ ಕೊಳ್ಳಬೇಡಿ

ಮುಂದೆ "ಬ್ರೌನ್", "ಹೆಲ್ದಿ", "ಮಲ್ಟಿಗ್ರೇನ್" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಬಿಡಿ, ತಿರುಗಿಸಿ. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಹೆಚ್ಚು ಇರುವುದು ಮೊದಲು. ಮೊದಲ ಹೆಸರು ಹೋಲ್ ವೀಟ್ ಫ್ಲೋರ್ ಅಥವಾ ಆಟ್ಟಾ ಎಂದಿದ್ದರೆ ಬುಟ್ಟಿಗೆ ಹಾಕಿ. ರಿಫೈನ್ಡ್ ವೀಟ್ ಫ್ಲೋರ್ ಎಂದಿದ್ದರೆ ಅದು ಮೈದಾ, ಕೆಳಗಿಡಿ. ಕಂದು ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ಕ್ಯಾರಮೆಲ್ ಬಣ್ಣ ಹಾಕಿದರೆ ಮೈದಾ ಬ್ರೆಡ್ಡೂ ಕಂದಾಗುತ್ತದೆ, ಪಟ್ಟಿಯಲ್ಲಿ 150ರಿಂದ ಶುರುವಾಗುವ ನಂಬರ್ ಕಂಡರೆ ಅದೇ.

ಹತ್ತಿರದ ಅಯ್ಯಂಗಾರ್ ಬೇಕರಿಯಲ್ಲಿ ಕೊಳ್ಳುವವರು ಕೌಂಟರಿನಲ್ಲಿ ನೇರವಾಗಿ ಕೇಳಿ: "ಇದರಲ್ಲಿ ಗೋಧಿ ಎಷ್ಟು, ಮೈದಾ ಎಷ್ಟು? ಇವತ್ತಿನದಾ?" ಮುಜುಗರ ಬೇಡ. ದುಡ್ಡು ಕೊಡುವವರು ನೀವು.

4. ಜಾಮ್ ಬಾಟಲಿಗೆ ವಿದಾಯ ಹೇಳಿ

ಜಾಮ್ ಕೆಡದೆ ಉಳಿಯುವುದು ಸಕ್ಕರೆಯ ಬಲದಿಂದ. ಮಾಮೂಲಿ ಜಾಮ್‌ನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಕ್ಕರೆಯೇ ಇರುತ್ತದೆ. ಮೇಲಿನಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಐದು ಪಾಲು ಅಂದರೆ ಸುಮಾರು 25 ಗ್ರಾಂ. ಎರಡು ಸ್ಲೈಸಿಗೆ ಧಾರಾಳವಾಗಿ ಜಾಮ್ ಹಚ್ಚಿ, ಜೊತೆಗೆ ಎರಡು ಚಮಚ ಸಕ್ಕರೆಯ ಕಾಫಿ ಕುಡಿದರೆ ಆ ಮಿತಿ ತಿಂಡಿಯಲ್ಲೇ ಮುಗಿದುಹೋಗುತ್ತದೆ. ಸಿಹಿ ಬೇಕೆ? ಹಣ್ಣು ತಿನ್ನಿ. ಸಿಹಿಯ ಜೊತೆ ನಾರಿನಂಶವೂ ಬರುತ್ತದೆ.

5. ಶೇಂಗಾವನ್ನು ನಂಬಿ

ಈ ಸೂತ್ರದ ಮೇಲೆ ನನಗೆ ಹೆಚ್ಚು ವಿಶ್ವಾಸ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಟ್ಸ್ ಎಂದ ಕೂಡಲೇ ಬಾದಾಮಿಯ ರೇಟು ನೆನೆದು ಹಿಂಜರಿಯಬೇಡಿ. ಚಳ್ಳಕೆರೆ, ಪಾವಗಡದ ಬಯಲಿನಲ್ಲಿ ಮಳೆಯನ್ನೇ ನಂಬಿ ರೈತರು ಬೆಳೆಯುವ ಶೇಂಗಾದಲ್ಲಿ 100 ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬಾದಾಮಿಯಲ್ಲಿ ಇರುವುದು 21ರ ಆಸುಪಾಸು. ಬೆಲೆಯಲ್ಲಿ ಎರಡಕ್ಕೂ ಅಜಗಜಾಂತರ. ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ನಟ್ ಅಲ್ಲವೇ ಅಲ್ಲ, ಹೆಸರು ತೊಗರಿಗಳ ಕುಲದ ಕಾಳು. ಅದರ ಪ್ರೋಟೀನ್ ಬಲಕ್ಕೆ ಕಾರಣವೂ ಅದೇ.

ಶೇಂಗಾದ ಬಲವನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರು. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ದೇಶದ ಅಪೌಷ್ಟಿಕತೆಗೆ ಉತ್ತರವಾಗಿ ಒಂದು ಬಹೂಪಯೋಗಿ ಆಹಾರವನ್ನು ರೂಪಿಸಿತು. ಅದರಲ್ಲಿ ಮೂರು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಒಂದು ಪಾಲು ಕಡಲೆ ಹಿಟ್ಟು. ಈ ಜೋಡಿಗೆ ಕಾರಣವಿದೆ. ಗೋಧಿಯಲ್ಲೂ ಶೇಂಗಾದಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಡಲೆಯಲ್ಲಿ ಅದು ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಈ ತತ್ವವನ್ನು ನಿಮ್ಮ ಟೋಸ್ಟಿಗೆ ಇಳಿಸಿ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಒಂದು ಡಬ್ಬಿಯಲ್ಲಿಡಿ. ಪೀನಟ್ ಬಟರ್ ಹಚ್ಚಿದ ಮೇಲೆ ಒಂದು ಚಮಚ ಉದುರಿಸಿ. ರುಚಿಯಲ್ಲಿ ತಂಬಿಟ್ಟಿನ ನೆನಪು ಬರುತ್ತದೆ, ಪ್ರೋಟೀನಿನ ಗುಣಮಟ್ಟವೂ ಏರುತ್ತದೆ.

"ಬ್ರೆಡ್ಡಿಗೆ ಶೇಂಗಾ ಹೊಂದುತ್ತಾ?" ಎಂಬ ಅನುಮಾನ ಬೇಡ. ಬೆಣ್ಣೆ ಹಚ್ಚಿದ ಬನ್ನಿನೊಳಗೆ ಕಾಂಗ್ರೆಸ್ ಕಡ್ಲೆಬೀಜ ತುಂಬಿ ಬೆಂಗಳೂರಿನ ಬೇಕರಿಗಳು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಾಗಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದರೆ ಎರಡು ಸೇರು ಹೆಚ್ಚಿಗೆ ತನ್ನಿ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಹೊಸ ಬೆಳೆ ರಾಶಿ ಬಿದ್ದಿರುತ್ತದೆ.

ಎಚ್ಚರಿಕೆ ಒಂದೇ. ಬೂಷ್ಟು ಹಿಡಿದ, ಸುಕ್ಕಾದ, ಕಹಿ ಹೊಡೆಯುವ ಬೀಜ ಕಂಡರೆ ಎಸೆಯಿರಿ. ಶೇಂಗಾದ ಮೇಲೆ ಬೆಳೆಯುವ ಶಿಲೀಂಧ್ರ ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಶೇಂಗಾ ಅಲರ್ಜಿ ಇರುವವರು ಈ ಸೂತ್ರವನ್ನು ಬಿಟ್ಟು ಮೊಸರು ಅಥವಾ ಮೊಟ್ಟೆಯ ದಾರಿ ಹಿಡಿಯಿರಿ, ಬೇರೆ ಬೀಜಗಳ ಬಗ್ಗೆ ಡಾಕ್ಟರನ್ನು ಕೇಳಿ.

6. ಪೀನಟ್ ಬಟರ್ ನೀವೇ ಮಾಡಿ

ಭಾನುವಾರ ಅರ್ಧ ಗಂಟೆ ಎತ್ತಿಡಿ. ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಊದಿ. ಮಿಕ್ಸಿಯಲ್ಲಿ ತಿರುಗಿಸಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಉಂಡೆ ಉಂಡೆಯಾಗಿ ಜಾರಿನ ಅಂಚಿಗೆ ಅಂಟುತ್ತದೆ. ಹೊಸಬರು ಸೋಲುವುದು ಇಲ್ಲೇ: "ಕೆಟ್ಟಿತು" ಎಂದುಕೊಂಡು ನೀರು ಹಾಕಿಬಿಡುತ್ತಾರೆ. ಹಾಕಬೇಡಿ. ಅಂಚು ಕೆರೆದು, ಮಿಕ್ಸಿಗೆ ಒಂದು ನಿಮಿಷ ವಿಶ್ರಾಂತಿ ಕೊಟ್ಟು, ಮತ್ತೆ ತಿರುಗಿಸಿ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇದೆ. ಅದು ಬಿಟ್ಟುಕೊಂಡ ಕ್ಷಣ ಇಡೀ ಮುದ್ದೆ ಸಡಿಲವಾಗಿ ಹೊಳೆಯುತ್ತದೆ. ಚಿಟಿಕೆ ಉಪ್ಪು ಹಾಕಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಫ್ರಿಜ್‌ನಲ್ಲಿ ಎರಡು ಮೂರು ವಾರ ಆರಾಮಾಗಿ ಇರುತ್ತದೆ. ಒದ್ದೆ ಚಮಚ ಮಾತ್ರ ತಾಗಬಾರದು.

ಮಿಕ್ಸಿ ಇಲ್ಲದ ಪಿಜಿಯವರು ಅಂಗಡಿಯದ್ದೇ ತನ್ನಿ. ಲೇಬಲ್ಲಿನಲ್ಲಿ ಶೇಂಗಾ, ಹೆಚ್ಚೆಂದರೆ ಉಪ್ಪು, ಇಷ್ಟೇ ಇರಬೇಕು. ಸಕ್ಕರೆ, ಹೈಡ್ರೋಜನೇಟೆಡ್ ಎಣ್ಣೆ ಇದ್ದದ್ದನ್ನು ವಾಪಸ್ ಇಡಿ.

7. ಬೇರೆ ಬೀಜಗಳಿಗೂ ಕೆಲಸ ಕೊಡಿ, ಅಳತೆ ತಪ್ಪಬೇಡಿ

ವಾಲ್‌ನಟ್ ಮತ್ತು ಅಗಸೆಯಲ್ಲಿ ಸಸ್ಯಮೂಲದ ಒಮೆಗಾ-3 ಇದೆ, ಶೇಂಗಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಗಸೆಯನ್ನು ಹುರಿದು ಪುಡಿ ಮಾಡಿಯೇ ಬಳಸಿ. ಇಡೀ ಬೀಜ ಗಟ್ಟಿ ಸಿಪ್ಪೆಯೊಳಗೆ ಹಾಗೆಯೇ ಹೊರಗೆ ಹೋಗಿಬಿಡುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಚಟ್ನಿಪುಡಿ ಮಾಡುವ ಕ್ರಮ ಎಷ್ಟು ಸರಿಯಾಗಿದೆ ನೋಡಿ. ಊರಿಂದ ಬರುವಾಗ ಅಮ್ಮ ಕಟ್ಟಿಕೊಡುವ ಆ ಡಬ್ಬಿಯನ್ನು ರೊಟ್ಟಿಗಷ್ಟೇ ಮೀಸಲಿಡಬೇಡಿ.

ಅಳತೆ: ಒಂದು ಹೊತ್ತಿಗೆ ಒಂದು ಮುಚ್ಚಿದ ಹಿಡಿ, ಸುಮಾರು 30 ಗ್ರಾಂ. ಅಷ್ಟಕ್ಕೇ 170 ಕ್ಯಾಲೊರಿ ದಾಟುತ್ತದೆ. ಡಬ್ಬಿ ಮುಂದಿಟ್ಟುಕೊಂಡು ತಿನ್ನಬೇಡಿ, ತೆಗೆದುಕೊಂಡು ಮುಚ್ಚಳ ಹಾಕಿ.

8. ಹಣ್ಣನ್ನು ಸೀಸನ್ ನೋಡಿ ಆರಿಸಿ

ಸೂಪರ್‌ಮಾರ್ಕೆಟಿನಲ್ಲಿ ಮಿಂಚುವ ಆಮದು ಬೆರ್ರಿಗಳ ಹಿಂದೆ ಓಡಬೇಡಿ. ನಿಮ್ಮ ಬೀದಿಯ ತಳ್ಳುಗಾಡಿಯಲ್ಲಿ ಇವತ್ತು ಯಾವುದು ಹೆಚ್ಚಿದೆಯೋ ಅದೇ ಅಗ್ಗ, ಅದೇ ತಾಜಾ.

ವರ್ಷಪೂರ್ತಿ ಕೈಬಿಡದ ಹಣ್ಣು ಬಾಳೆ. ಟೋಸ್ಟಿಗೆ ಏಲಕ್ಕಿ ಬಾಳೆಯೇ ಬೆಸ್ಟ್ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾತ್ರ ಚಿಕ್ಕದು, ಬಿಗಿಯಾಗಿರುತ್ತದೆ, ಹೆಚ್ಚಿದರೆ ಬಿಲ್ಲೆಗಳು ಜಾರುವುದಿಲ್ಲ, ಸಿಹಿಯ ಜೊತೆ ಸಣ್ಣ ಹುಳಿಯೂ ಇದೆ. ಪಚ್ಚಬಾಳೆ ಮೆತ್ತಗೆ, ಫೋರ್ಕಿನಲ್ಲಿ ಕಿವುಚಿ ಹಚ್ಚಲು ಸರಿ. ನಂಜನಗೂಡು ರಸಬಾಳೆ ಸಿಕ್ಕಿದರೆ ಟೋಸ್ಟಿಗೆ ಹಾಕಬೇಡಿ, ಹಾಗೆಯೇ ತಿನ್ನಿ, ಆ ಪರಿಮಳಕ್ಕೆ ಬೇರೇನೂ ಬೇಡ. ಕೊಳ್ಳುವಾಗ ಅರ್ಧ ಡಜನ್ ಹಣ್ಣಾದದ್ದು, ಅರ್ಧ ಡಜನ್ ಇನ್ನೂ ಹಸಿರು ಇರುವುದು ತನ್ನಿ. ಮೊದಲ ಅರ್ಧ ಡಜನ್ ಮುಗಿಯುವಾಗ ಎರಡನೆಯದು ಹದಕ್ಕೆ ಬಂದಿರುತ್ತದೆ.

ಚಳಿಗಾಲದಲ್ಲಿ ಸೀಬೆಯನ್ನು ಬಿಡಬೇಡಿ. ನೀವು ಪೇರಲ ಅನ್ನಿ, ಚೇಪೆ ಅನ್ನಿ, 100 ಗ್ರಾಮಿನಲ್ಲಿ 200 ಮಿಲಿಗ್ರಾಂ ಮೀರಿದ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು. ಕಾಳು, ಧಾನ್ಯಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಈ ವಿಟಮಿನ್ ನೆರವಾಗುತ್ತದೆ. ಕಬ್ಬಿಣದ ಕೊರತೆಯಿಂದ ಸುಸ್ತಾಗುವ ಹೆಣ್ಣುಮಕ್ಕಳು ಇದನ್ನು ಬರೆದಿಟ್ಟುಕೊಳ್ಳಿ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯ ದಾಳಿಂಬೆ: ಕಾಳು ಬಿಡಿಸುವ ಕೆಲಸ ರಾತ್ರಿಯೇ ಮಾಡಿ. ಪಪ್ಪಾಯ: ಎಲ್ಲ ಕಾಲಕ್ಕೂ ಇದೆ, ಚೆನ್ನಾಗಿ ಹಣ್ಣಾದದ್ದು ಬೇಕು. ಸಪೋಟ: ಸಿಹಿ ಹೆಚ್ಚು, ಒಂದು ಸಾಕು. ಮಾವು: ಏಪ್ರಿಲ್‌ನಿಂದ ಜೂನ್‌ವರೆಗೆ ರಾಮನಗರ, ಶ್ರೀನಿವಾಸಪುರದ ಹಣ್ಣು ಬರುವಾಗ ಬೇರೆ ಹಣ್ಣಿನ ಯೋಚನೆ ಬೇಡ. ಶುಗರ್ ಇರುವವರು ಮಾವು, ಸಪೋಟಗಳ ಬದಲು ಸೀಬೆ ಅಥವಾ ಪಪ್ಪಾಯ ಆರಿಸಿ, ಪ್ರಮಾಣವನ್ನು ಡಾಕ್ಟರ್ ಹೇಳಿದಂತೆ ಇಟ್ಟುಕೊಳ್ಳಿ.

9. ತವಾ ಸಾಕು, ಟೋಸ್ಟರಿಗೆ ಕಾಯಬೇಡಿ

"ಟೋಸ್ಟರ್ ತಗೊಂಡ ಮೇಲೆ ಶುರು ಮಾಡ್ತೀನಿ" ಎನ್ನುವುದು ಮುಂದೂಡುವ ನೆಪ. ದೋಸೆ ಕಾವಲಿ ಇದ್ದರೆ ಇವತ್ತೇ ಶುರು ಮಾಡಿ. ಮಧ್ಯಮ ಉರಿಯಲ್ಲಿ ಕಾಯಿಸಿ, ಎಣ್ಣೆ ಬೇಡ, ಒಂದೊಂದು ಬದಿ ಒಂದೂವರೆ ನಿಮಿಷ, ಚಮಚದಿಂದ ಮೆಲ್ಲಗೆ ಒತ್ತುತ್ತಿರಿ.

ಬಣ್ಣದ ಮೇಲೆ ಕಣ್ಣಿಡಿ. ಬ್ರೆಡ್ಡಿನ ಮೇಲ್ಮೈ ಒಣಗಿ ಶಾಖ 140 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಆ ಘಮ, ಆ ಹೊಂಬಣ್ಣ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಹೊಂಬಣ್ಣಕ್ಕೆ ನಿಲ್ಲಿಸಿ. ಕಪ್ಪಾಗುವತನಕ ಬಿಟ್ಟರೆ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು ಅದನ್ನು ಹುರಿದ, ಬೇಕ್ ಮಾಡಿದ ತಿನಿಸುಗಳಲ್ಲಿ 2002ರಲ್ಲಿ ಗುರುತಿಸಿದರು. ಸುಟ್ಟ ಅಂಚು ಕಂಡರೆ ಚಾಕುವಿನಿಂದ ಕೆರೆದುಬಿಡಿ.

ಹಾಸ್ಟೆಲಿನಲ್ಲಿ ಸ್ಟವ್ ಬಿಡುವುದಿಲ್ಲವೆ? ಬ್ರೆಡ್ಡನ್ನು ಹಸಿಯಾಗಿಯೇ ಬಳಸಿ. ಗರಿಗರಿ ಮಾತ್ರ ಕಡಿಮೆಯಾಗುತ್ತದೆ, ಪೋಷಣೆ ಅಷ್ಟೇ ಇರುತ್ತದೆ.

10. ಗಡಿಯಾರ ಇಟ್ಟು ಮಾಡಿ, ಕ್ರಮ ತಪ್ಪಿಸಬೇಡಿ

ಮೊದಲ ನಿಮಿಷ: ತವಾ ಕಾಯಲು ಇಡಿ, ಹಣ್ಣು ತೊಳೆಯಿರಿ. ಎರಡರಿಂದ ನಾಲ್ಕು: ಬ್ರೆಡ್ ತವಾದ ಮೇಲೆ, ಅದೇ ಹೊತ್ತಿನಲ್ಲಿ ಹಣ್ಣು ಹೆಚ್ಚಿ. ಐದನೇ ನಿಮಿಷ: ಬ್ರೆಡ್ಡನ್ನು ತಟ್ಟೆಗೆ ಚಪ್ಪಟೆಯಾಗಿ ಹಾಕಬೇಡಿ, ಎರಡು ಸ್ಲೈಸ್‌ಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ. ಆವಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ತಳ ಒದ್ದೆಯಾಗುತ್ತದೆ. ಆರನೇ ನಿಮಿಷ: ಮೊದಲು ಪೀನಟ್ ಬಟರ್, ಅಂಚಿನವರೆಗೂ. ಅದರ ಮೇಲೆ ಹಣ್ಣು. ಕೊನೆಗೆ ಬೀಜದ ಚೂರು, ಪುಡಿ. ಏಳು: ಕೂತು ತಿನ್ನಲು ಶುರು ಮಾಡಿ.

ಈ ಕ್ರಮಕ್ಕೆ ಕಾರಣವಿದೆ. ಪೀನಟ್ ಬಟರ್‌ನ ಎಣ್ಣೆ ನೀರನ್ನು ತಡೆಯುತ್ತದೆ, ಹಣ್ಣಿನ ರಸ ಬ್ರೆಡ್ಡಿಗೆ ಇಳಿಯುವುದಿಲ್ಲ. ಬೀಜ ಮೇಲಿದ್ದರೆ ಗರಿಗರಿಯಾಗಿ ಉಳಿಯುತ್ತದೆ. ಕೂರುವಷ್ಟೂ ಹೊತ್ತಿಲ್ಲದ ದಿನ ಎರಡು ಸ್ಲೈಸ್ ಮುಚ್ಚಿ ಸ್ಯಾಂಡ್‌ವಿಚ್ ಮಾಡಿ ಡಬ್ಬಿಗೆ ಹಾಕಿ. ಬಾಳೆ, ಸೇಬು ಕಪ್ಪಾಗದಿರಲು ನಾಲ್ಕು ಹನಿ ನಿಂಬೆರಸ ಹಿಂಡಿ. ಹಣ್ಣನ್ನು ಕಂದಾಗಿಸುವ ಕಿಣ್ವದ ವೇಗವನ್ನು ಹುಳಿ ತಗ್ಗಿಸುತ್ತದೆ.

11. ಐದು ದಿನಕ್ಕೆ ಐದು ಟೋಸ್ಟ್ ಫಿಕ್ಸ್ ಮಾಡಿ

ದಿನಾ ಒಂದೇ ತಿಂದರೆ ಮೂರನೇ ವಾರಕ್ಕೆ ಬೇಸರ ಬರುತ್ತದೆ. ದಿನಾ ಹೊಸದು ಹುಡುಕಿದರೆ ಟೈಮ್ ಹಾಳು. ಮೆನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಸೋಮವಾರ ಪೀನಟ್ ಬಟರ್, ಎರಡು ಏಲಕ್ಕಿ ಬಾಳೆಯ ಬಿಲ್ಲೆ, ಹುರಿಗಡಲೆ ಪುಡಿ, ಚಿಟಿಕೆ ಚಕ್ಕೆ ಪುಡಿ. ವಾರದ ಅತ್ಯಂತ ಬಿಡುವಿಲ್ಲದ ದಿನಕ್ಕೆ ಅತ್ಯಂತ ಗಟ್ಟಿ ತಿಂಡಿ.

ಮಂಗಳವಾರ ಗಟ್ಟಿ ಮೊಸರು. ರಾತ್ರಿ ಒಂದು ಬಟ್ಟಲು ಮೊಸರನ್ನು ಟೀ ಜಾಲರಿಯಲ್ಲಿ ತೆಳು ಬಟ್ಟೆ ಹಾಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ನೀರು ಕೆಳಗೆ ಇಳಿದು ಬೆಣ್ಣೆಯ ಹದಕ್ಕೆ ಬಂದಿರುತ್ತದೆ. ಅದನ್ನು ದಪ್ಪಗೆ ಹಚ್ಚಿ, ದಾಳಿಂಬೆ ಕಾಳು, ಕೈಯಲ್ಲಿ ಮುರಿದ ವಾಲ್‌ನಟ್. ಕೆಳಗಿಳಿದ ನೀರನ್ನು ಚೆಲ್ಲಬೇಡಿ, ಉಪ್ಪು ಜೀರಿಗೆ ಹಾಕಿ ಕುಡಿಯಿರಿ.

ಬುಧವಾರ ಪಪ್ಪಾಯ ಹೋಳು, ನಿಂಬೆರಸ, ಕಾಳುಮೆಣಸು, ಅಗಸೆ ಪುಡಿ, ಜೊತೆಗೆ ಒಂದು ಲೋಟ ಹಾಲು.

ಗುರುವಾರ ಖಾರ. ಸೀಬೆಯನ್ನು ತೆಳ್ಳಗೆ ಹೆಚ್ಚಿ ಪೀನಟ್ ಬಟರ್ ಮೇಲೆ ಜೋಡಿಸಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಉದುರಿಸಿ. ಸಿಹಿ ಟೋಸ್ಟ್ ಇಷ್ಟವಿಲ್ಲ ಎನ್ನುವವರು ಇದರಿಂದಲೇ ಶುರು ಮಾಡಿ. ಬಸ್‌ಸ್ಟ್ಯಾಂಡಿನಲ್ಲಿ ಉಪ್ಪುಖಾರ ಹಚ್ಚಿದ ಸೀಬೆ ತಿಂದವರಿಗೆ ಇದನ್ನು ಒಪ್ಪಿಸುವ ಅಗತ್ಯವೇ ಇಲ್ಲ.

ಶುಕ್ರವಾರ ಸಪೋಟ ಕಿವುಚಿ ಹಚ್ಚಿ, ನೆನೆಸಿದ ಬಾದಾಮಿಯ ಚೂರು. ಮಾವಿನ ಕಾಲದಲ್ಲಿ ಸಪೋಟದ ಬದಲು ಮಾವು, ಬಾದಾಮಿಯ ಬದಲು ಹುರಿದ ಗೋಡಂಬಿ. ಇದರ ಜೊತೆಗೂ ಹಾಲು ಅಥವಾ ಮೊಟ್ಟೆ ಇರಲಿ, ಎರಡನೇ ಸೂತ್ರದ ಲೆಕ್ಕ ತುಂಬಬೇಕು.

ಶನಿವಾರ, ಭಾನುವಾರ ಇಡ್ಲಿ, ದೋಸೆ, ರೊಟ್ಟಿ, ಉಪ್ಪಿಟ್ಟು. ಟೋಸ್ಟ್ ಅವುಗಳಿಗೆ ಬದಲಿಯಲ್ಲ. ಅಕ್ಕಿ ಉದ್ದು ಸೇರಿಸಿ ಹುದುಗಿಸಿದ ಇಡ್ಲಿ ಅದ್ಭುತ ತಿಂಡಿ, ಮನೆಯಲ್ಲಿ ಸಿಗುವವರು ಖುಷಿಯಾಗಿ ಅದನ್ನೇ ತಿನ್ನಿ. ಈ ಸೂತ್ರಗಳು ಏನೂ ತಿನ್ನದೆ ಹೊರಡುವ ದಿನಗಳಿಗಾಗಿ.

12. ಬ್ರೆಡ್ ಇಡುವ ಜಾಗ ಬದಲಿಸಿ, ಕಾಫಿ ಕುಡಿಯುವ ಹೊತ್ತು ಬದಲಿಸಿ

ಎರಡು ಚಿಕ್ಕ ತಿದ್ದುಪಡಿ. ಬ್ರೆಡ್ಡನ್ನು ಫ್ರಿಜ್‌ನ ಕೆಳಭಾಗದಲ್ಲಿಟ್ಟರೆ ಪಿಷ್ಟ ಬೇಗ ಬಿರುಸಾಗಿ ಬ್ರೆಡ್ ಒರಟಾಗುತ್ತದೆ. ಎರಡು ದಿನದ್ದು ಹೊರಗಿಡಿ, ಉಳಿದದ್ದನ್ನು ಗಾಳಿಯಾಡದ ಕವರಿನಲ್ಲಿ ಫ್ರೀಜರಿಗೆ ಹಾಕಿ. ಫ್ರೀಜರಿನ ಸ್ಲೈಸನ್ನು ನೇರ ತವಾಕ್ಕೆ ಹಾಕಬಹುದು. ಒಂದು ಸ್ಲೈಸಿನಲ್ಲಿ ಬೂಷ್ಟು ಕಂಡರೂ ಇಡೀ ಪ್ಯಾಕ್ ಎಸೆಯಿರಿ, ಅದರ ಬೇರುಗಳು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಕಾಫಿ. ಬಿಡಿ ಎಂದು ನಾನು ಹೇಳುವುದಿಲ್ಲ. ಬೆಳಗಿನ ಫಿಲ್ಟರ್ ಕಾಫಿಯ ಬೆಲೆ ನನಗೆ ಗೊತ್ತು. ಆದರೆ ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಆಹಾರದ ಕಬ್ಬಿಣ ದೇಹಕ್ಕೆ ಸೇರುವುದನ್ನು ತಡೆಯುತ್ತವೆ. ತಿಂಡಿಯ ಜೊತೆ ಕುಡಿಯಬೇಡಿ, ಒಂದು ಗಂಟೆ ಬಿಟ್ಟು ಕುಡಿಯಿರಿ. ಆಫೀಸ್ ತಲುಪಿದ ಮೇಲೆ ಮೊದಲ ಕಪ್ ಎಂದು ನಿಯಮ ಮಾಡಿಕೊಂಡರೆ ಟೈಮಿಂಗ್ ತಾನಾಗಿ ಸರಿಹೋಗುತ್ತದೆ.

13. ಪರೀಕ್ಷೆ, ಇಂಟರ್‌ವ್ಯೂ ದಿನ ಹೊಸ ಪ್ರಯೋಗ ಬೇಡ

ಸಿಇಟಿ ಇರಲಿ, ಕ್ಯಾಂಪಸ್ ಇಂಟರ್‌ವ್ಯೂ ಇರಲಿ, ಆ ಬೆಳಿಗ್ಗೆ ನಿಮ್ಮ ಹೊಟ್ಟೆಗೆ ಈಗಾಗಲೇ ಪರಿಚಯವಿರುವ ಟೋಸ್ಟನ್ನೇ ತಿನ್ನಿ. ಆತಂಕದಲ್ಲಿ ಜೀರ್ಣಶಕ್ತಿ ಸೂಕ್ಷ್ಮವಾಗಿರುತ್ತದೆ, ಹೊಸ ಪದಾರ್ಥದ ಜೊತೆ ಸೆಣಸುವ ದಿನ ಅದಲ್ಲ. ಹಾಗಾಗಿ ಪರೀಕ್ಷೆಗೆ ಒಂದು ತಿಂಗಳು ಇರುವಾಗಲೇ ಸೋಮವಾರದ ಟೋಸ್ಟನ್ನು ರೂಢಿಸಿಕೊಳ್ಳಿ. ಮಾಕ್ ಟೆಸ್ಟ್ ಬರೆಯುವ ದಿನಗಳಲ್ಲೂ ಅದನ್ನೇ ತಿಂದು ಕೂರಿ. ಎಷ್ಟು ಹೊತ್ತಿಗೆ ಹಸಿವಾಗುತ್ತದೆ, ಎಷ್ಟು ನೀರು ಕುಡಿದರೆ ಸರಿ ಎಂಬುದು ಆಗಲೇ ತಿಳಿಯುತ್ತದೆ.

ಪರೀಕ್ಷೆ ಹತ್ತೂವರೆಗಿದ್ದರೆ ಎಂಟೂವರೆಯೊಳಗೆ ತಿಂಡಿ ಮುಗಿಸಿ. ಹಸಿವೇ ಇಲ್ಲ ಅನಿಸಿದರೆ ಒಂದು ಸ್ಲೈಸಾದರೂ ತಿನ್ನಿ, ಇನ್ನೊಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಸೆಂಟರಿನ ಗೇಟಿನ ಹತ್ತಿರ ತಿನ್ನಿ. ಮಧ್ಯಾಹ್ನ ಎರಡನೇ ಪೇಪರ್ ಇದ್ದವರು ಬ್ಯಾಗಿನಲ್ಲಿ ಒಂದು ಹಿಡಿ ಹುರಿದ ಶೇಂಗಾ, ಎರಡು ಬಾಳೆಹಣ್ಣು ಇಟ್ಟುಕೊಳ್ಳಿ. ಎರಡು ಪೇಪರ್ ನಡುವೆ ಕ್ಯಾಂಟೀನಿನ ಕ್ಯೂನಲ್ಲಿ ನಿಲ್ಲುವ ಹೊತ್ತನ್ನು ರಿವಿಜನ್‌ಗೆ ಕೊಡಿ.